ಮಗಳಿಗೆ ಪಿಸಿಎಂಬಿ ಕೊಡಿಸಲೋ, ಪಿಸಿಎಂಸಿ ಕೊಡಿಸಲೋ? ಸಾಲ ಮಾಡಿ ವಸತಿ ಕಾಲೇಜಿಗೆ ಹಾಕಬೇಕೇ?

ತೋಟದಮನೆ, ಸಾಗರ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನನ್ನದು ಒಂದೂವರೆ ಎಕರೆ ಅಡಿಕೆ ತೋಟ. ಮಗಳು ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 561 ಅಂಕ ತೆಗೆದಿದ್ದಾಳೆ. ಒಂದರಿಂದ ಹತ್ತರವರೆಗೂ ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಫಲಿತಾಂಶ ಬಂದ ಸಂಜೆಯಿಂದ ಮನೆಯಲ್ಲಿ ಇದೇ ಮಾತು: ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಜೀವಶಾಸ್ತ್ರವೋ (ಪಿಸಿಎಂಬಿ), ಕಂಪ್ಯೂಟರ್ ಸೈನ್ಸೋ (ಪಿಸಿಎಂಸಿ)? ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ತರಬೇತಿಯೂ ಜೊತೆಗಿರುವ ವಸತಿ ಕಾಲೇಜಿಗೆ ಹಾಕು, ಹುಡುಗಿ ಡಾಕ್ಟರ್ ಆಗುತ್ತಾಳೆ ಎಂದು ಭಾವನವರು ಹೇಳುತ್ತಾರೆ. ಊಟ, ವಸತಿ ಎಲ್ಲ ಸೇರಿ ಎರಡು ವರ್ಷಕ್ಕೆ 6 ಲಕ್ಷ. ಎಲೆಚುಕ್ಕೆ ರೋಗ ಬಂದ ಮೇಲೆ ಫಸಲು ಕೈಗೆ ಹತ್ತುತ್ತಿಲ್ಲ, ಸೊಸೈಟಿಯಲ್ಲಿ ಸಾಲ ಎತ್ತದೆ ಅಷ್ಟು ಹಣ ಹುಟ್ಟುವುದಿಲ್ಲ. ಬೆಂಗಳೂರಿನಲ್ಲಿರುವ ತಮ್ಮನದು ಬೇರೆಯೇ ಮಾತು. ಪಿಸಿಎಂಸಿ ಕೊಡಿಸು, ಕಂಪ್ಯೂಟರ್ ಸೈನ್ಸ್ ಓದಲಿ, ಜೀವಶಾಸ್ತ್ರ ಯಾಕೆ ಎನ್ನುತ್ತಾನೆ.

ಮಗಳನ್ನು ಕೇಳಿದರೆ "ನೀವು ಹೇಳಿದ ಹಾಗೆ" ಎಂದು ಸುಮ್ಮನಾಗುತ್ತಾಳೆ. ನನ್ನ ನಿದ್ದೆ ಕೆಡಿಸಿರುವುದು ಅದೇ. ಅವಳು ಹಾಗೆ ಸುಮ್ಮನಿರುವ ಹುಡುಗಿಯಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಕಾಳುಮೆಣಸಿನ ಬಳ್ಳಿಗಳು ಸೊರಗು ರೋಗಕ್ಕೆ ಹೋದಾಗ ಎಲ್ಲೋ ನೋಡಿಕೊಂಡು ಬಂದು ಹಿಪ್ಪಲಿ ಗಿಡಕ್ಕೆ ಮೆಣಸಿನ ಕುಡಿ ಕಸಿ ಕಟ್ಟಿದಳು. 12 ಕಟ್ಟಿದ್ದಳು, 7 ಹಿಡಿದವು. ಹಿಡಿಯದ ಐದನ್ನು ಬಿಸಾಡಲು ನನ್ನನ್ನು ಬಿಡಲಿಲ್ಲ. ಒಂದೊಂದನ್ನೂ ಬ್ಲೇಡಿನಿಂದ ಸೀಳಿ ನೋಡಿ, ನೋಟುಪುಸ್ತಕದಲ್ಲಿ ಅದರದರ ಮುಂದೆ "ಕಡ್ಡಿ ಬಲಿತಿತ್ತು", "ಗಾಯಕ್ಕೆ ನೀರು ಇಳಿದಿದೆ", "ಪಟ್ಟಿ ಸಡಿಲ" ಎಂದು ಬರೆದಿಟ್ಟಿದ್ದಾಳೆ.

ಯಾವ ಕಾಂಬಿನೇಷನ್ ತೆಗೆದುಕೊಂಡರೆ ಮುಂದೆ ಯಾವುದು ಸಿಗುತ್ತದೆ, ಯಾವುದು ತಪ್ಪುತ್ತದೆ? ಸಾಲ ಮಾಡಬೇಕೇ? ಗೊತ್ತಿರುವವರು ದಯವಿಟ್ಟು ಹೇಳಿ.

ನಿವೃತ್ತ ಉಪನ್ಯಾಸಕಿ, ಹಾಸನ:

ನಮಸ್ಕಾರ. 31 ವರ್ಷ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ನಿಮ್ಮ ಮಗಳ ನೋಟುಪುಸ್ತಕದ ಸಂಗತಿ ಓದಿ ಎದ್ದು ಕುಳಿತೆ. ಹಿಡಿದ ಏಳನ್ನು ತೋರಿಸಿ ಸಂತೋಷಪಡುವ ಮಕ್ಕಳು ಬೇಕಾದಷ್ಟಿದ್ದಾರೆ. ಹಿಡಿಯದ ಐದನ್ನು ಸೀಳಿ ನೋಡಿದ ಮಕ್ಕಳು ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಅವಳ ಕೈಯಿಂದ ಜೀವಶಾಸ್ತ್ರ ಬಿಡಿಸಬೇಡಿ.

ಈಗ ಲೆಕ್ಕಕ್ಕೆ ಬರೋಣ. ಪಿಯುಸಿಯಲ್ಲಿ ಜೀವಶಾಸ್ತ್ರ ಓದದಿದ್ದರೆ ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ, ಪಶುವೈದ್ಯ ಎಲ್ಲವೂ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಕೈತಪ್ಪುತ್ತವೆ. ಆದರೆ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದದವರಿಗೂ ಕಂಪ್ಯೂಟರ್ ಎಂಜಿನಿಯರಿಂಗ್ ಸಿಗುತ್ತದೆ. ನಿಮ್ಮ ತಮ್ಮನವರಿಗೆ ಇದೊಂದನ್ನು ಬಿಡಿಸಿ ಹೇಳಿ: ಎಂಜಿನಿಯರಿಂಗ್ ರ್‍ಯಾಂಕಿಗೆ ಸೇರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೇ. ಅರ್ಧ ಪಿಯು ಅಂಕದಿಂದ, ಅರ್ಧ ಸಿಇಟಿ ಅಂಕದಿಂದ. ಹಾಗಾಗಿ ಪಿಸಿಎಂಬಿ ಓದಿದವಳಿಗೆ ಅವರು ಹೇಳುವ ದಾರಿಯೂ ಉಳಿಯುತ್ತದೆ. ಕಷ್ಟವಿಲ್ಲ ಎಂದಲ್ಲ. ಪ್ರಯೋಗದ ರೆಕಾರ್ಡ್, ಚಿತ್ರಗಳು, ಸಿಇಟಿಯಲ್ಲಿ ತಲಾ 60 ಅಂಕದ ನಾಲ್ಕು ಪತ್ರಿಕೆ. ಜೀವಶಾಸ್ತ್ರ ಒಲ್ಲದ ಮಗುವಿಗೆ ಅದು ಹೊರೆ. ನಿಮ್ಮವಳಿಗೆ ಹೊರೆಯಾಗಲಾರದು.

ಸಾಲ ಬೇಡ. ನೀಟ್ 720 ಅಂಕದ ಪರೀಕ್ಷೆ. ಅದರ ಹಿಂದೆ ಎರಡು ವರ್ಷ ಬೀಳಬೇಕಾದರೆ ಡಾಕ್ಟರ್ ಆಗುವ ಹಂಬಲ ಮಗುವಿನದೇ ಆಗಿರಬೇಕು. ನಿಮ್ಮ ಪತ್ರದಲ್ಲಿ ಆ ಹಂಬಲ ಇರುವುದು ಭಾವನವರಿಗೆ.

ಕನ್ನಡ ಮಾಧ್ಯಮದ ಮಕ್ಕಳು ಪ್ರಥಮ ಪಿಯುಸಿಯಲ್ಲಿ ಎಡವುವುದು ವಿಷಯದಲ್ಲಿ ಅಲ್ಲ, ಇಂಗ್ಲಿಷಿನಲ್ಲಿ. ಒಬ್ಬ ಹುಡುಗ ಜೂನ್‌ನಿಂದ ಆಗಸ್ಟ್‌ವರೆಗೆ ನನ್ನ ತರಗತಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಒಂದು ದಿನ ಪ್ರಯೋಗಾಲಯದಲ್ಲಿ ಆಲೂಗಡ್ಡೆ ಕೊರೆದು ಸಕ್ಕರೆ ದ್ರಾವಣ ತುಂಬಿಸುತ್ತಿದ್ದಾಗ, "ಮೇಡಂ, ಇದು ಅಭಿಸರಣೆ ಅಲ್ಲವೇ?" ಎಂದ. ಮೂರು ತಿಂಗಳಿಂದ ನಾನು "ಆಸ್ಮೋಸಿಸ್" ಎನ್ನುತ್ತಿದ್ದದ್ದು ತಾನು ಮೊದಲೇ ಕಲಿತಿದ್ದ ಅದೇ ಅಭಿಸರಣೆ ಎಂದು ಅವನಿಗೆ ಗೊತ್ತೇ ಆಗಿರಲಿಲ್ಲ. ಆ ದಿನ ನನಗೆ ನನ್ನ ಮೇಲೆಯೇ ಬೇಸರವಾಯಿತು. ಮರುದಿನದಿಂದ ಪ್ರತಿ ಮಗುವಿಗೂ ಉದ್ದನೆಯ ಪುಸ್ತಕದಲ್ಲಿ ನಡುವೆ ಗೆರೆ ಎಳೆಸಿದೆ. ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್, ದಿನಕ್ಕೆ ಹತ್ತು. ಅಭಿಸರಣೆ, ವಿಸರಣೆ, ಪತ್ರಹರಿತ್ತು, ದ್ಯುತಿಸಂಶ್ಲೇಷಣೆ. ದಸರಾ ರಜೆಯ ಹೊತ್ತಿಗೆ ಅವರು ಕೈ ಎತ್ತತೊಡಗಿದರು. ಕಾಲೇಜು ಶುರುವಾಗುವ ಮೊದಲೇ ನಿಮ್ಮ ಮಗಳಿಗೆ ಅಂಥ ಪುಸ್ತಕ ಮಾಡಿಸಿ. 6 ಲಕ್ಷದ ತರಬೇತಿಗಿಂತ ಮೊದಲು ಬೇಕಾದದ್ದು ಅದು.

ಇನ್ನೊಂದು ಮಾತು. ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ನಿಮ್ಮ ತಾಲ್ಲೂಕಿನ ಇರುವಕ್ಕಿಯಲ್ಲೇ ಇದೆ. ಒಂದು ದಿನ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ನೀವು ಮಾತಾಡಬೇಡಿ, ಅವಳು ಮಾತಾಡಲಿ.

ಅರಣ್ಯ ವಿದ್ಯಾರ್ಥಿನಿ, ಪೊನ್ನಂಪೇಟೆ:

ಅಣ್ಣಾ, ನಾನು ಇಲ್ಲಿನ ಅರಣ್ಯ ಮಹಾವಿದ್ಯಾಲಯದಲ್ಲಿ ಮೂರನೆಯ ವರ್ಷದಲ್ಲಿದ್ದೇನೆ. ನಾನೂ ಹಳ್ಳಿಯ ಕನ್ನಡ ಶಾಲೆಯವಳು. ನನ್ನನ್ನು ಅಂಥದೇ ಒಂದು ವಸತಿ ಕಾಲೇಜಿಗೆ ಸೇರಿಸಿದ್ದರು. ಬೆಳಿಗ್ಗೆ ಐದಕ್ಕೆ ಗಂಟೆ, ರಾತ್ರಿ ಹತ್ತೂವರೆಯವರೆಗೆ ಓದು. ಪ್ರತಿ ಸೋಮವಾರ ಊಟದ ಮನೆಯ ಬಾಗಿಲಿಗೆ ರ್‍ಯಾಂಕ್ ಪಟ್ಟಿ ಅಂಟಿಸುತ್ತಿದ್ದರು. ತಟ್ಟೆ ಹಿಡಿದು ಅದರ ಮುಂದೆಯೇ ಹಾದುಹೋಗಬೇಕು. ಸೋಮವಾರ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅಲ್ಲಿ ಚೆನ್ನಾಗಿ ಓದಿ ಎಂಬಿಬಿಎಸ್ ಸೇರಿದ ಗೆಳತಿಯರೂ ಇದ್ದಾರೆ, ಅದನ್ನು ಇಲ್ಲವೆನ್ನಲಾರೆ. ಅವರಿಗೆ ಅದು ಬೇಕಾಗಿತ್ತು. ನಾನು ಒಂದು ವರ್ಷ ಮುಗಿಸಿ ಅಪ್ಪನಿಗೆ ಫೋನಿನಲ್ಲಿ ಅತ್ತು, ದ್ವಿತೀಯ ಪಿಯುಸಿಯನ್ನು ನಮ್ಮ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಓದಿದೆ. ಕಟ್ಟಿದ ಹಣ ವಾಪಸು ಬರಲಿಲ್ಲ.

ನಿಮ್ಮ ಮಗಳು "ನೀವು ಹೇಳಿದ ಹಾಗೆ" ಎಂದಾಗ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ನಾನೂ ಅದೇ ಮಾತು ಹೇಳಿದ್ದೆ. ಮನೆಯ ದುಡ್ಡಿನ ಕಷ್ಟ ನಮಗೆ ಗೊತ್ತಿರುತ್ತದೆ, ಬಾಯಿ ಬರುವುದಿಲ್ಲ.

ಬ್ಯಾಂಕ್ ಕೃಷಿ ಅಧಿಕಾರಿ, ದಾವಣಗೆರೆ:

ಕೃಷಿ ಓದಿದರೆ ಕೆಲಸ ಎಲ್ಲಿ ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಕೃಷಿ ಓದಿದವನು. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಕೃಷಿ ಅಥವಾ ಅದಕ್ಕೆ ಹೊಂದಿದ ನಾಲ್ಕು ವರ್ಷದ ಪದವಿಯೇ ಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಕೂರುವ ಕೃಷಿ ಅಧಿಕಾರಿಯೂ ಅದೇ ಪದವಿಯವರು. ಬೀಜ, ಗೊಬ್ಬರದ ಕಂಪನಿಗಳಿವೆ, ಎಂ.ಎಸ್ಸಿ. ಮಾಡಿ ಸಂಶೋಧನೆಗೆ ಹೋಗಬಹುದು. ಸರ್ಕಾರಿ ಹುದ್ದೆಗೆ ಕರೆ ಬರುವುದು ತಡವಾಗುತ್ತದೆ, ಕಾಯಬೇಕಾಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಸಿಇಟಿಯಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಬೀಜ, ಗೊಬ್ಬರ, ಉಪಕರಣಗಳನ್ನು ಎದುರಿಗಿಟ್ಟು ಗುರುತಿಸಲು ಹೇಳುತ್ತಾರೆ. ತೋಟದಲ್ಲಿ ಬೆಳೆದವಳಿಗೆ ಅರ್ಧ ತಯಾರಿ ಆಗಿಯೇ ಇದೆ. ರಾಗಿ, ಜೋಳ, ತೊಗರಿಯಂಥ ಬಯಲುಸೀಮೆಯ ಬೆಳೆಗಳನ್ನೂ ನೋಡಿಕೊಳ್ಳಲಿ.

ತೋಟದಮನೆ, ಸಾಗರ ತಾಲ್ಲೂಕು:

ಎಲ್ಲರಿಗೂ ಋಣಿ. ಮೇಡಂ, ನೀವು ಹೇಳಿದಂತೆ ಇರುವಕ್ಕಿಗೆ ಹೋಗಿ ಬಂದೆವು. ಸಸ್ಯಪಾಲನೆಯ ಕಡೆ ಒಬ್ಬರು ಕಸಿಗಿಡಗಳಿಗೆ ನೀರು ಹಾಕುತ್ತಿದ್ದರು. ನಾನು ಹತ್ತು ಹೆಜ್ಜೆ ಹಿಂದೆಯೇ ನಿಂತೆ. ಇವಳು ಚೀಲದಿಂದ ನೋಟುಪುಸ್ತಕ ತೆಗೆದು ತೋರಿಸಿದಳು. ಅವರು ಕೊಳವೆ ಕೆಳಗಿಟ್ಟು, ಕೈ ಒರೆಸಿಕೊಂಡು ಪುಟ ತಿರುವಿದರು. ಮುಕ್ಕಾಲು ಗಂಟೆ ಇಬ್ಬರೂ ಮಾತಾಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದಳು: "ಅಪ್ಪಾ, ಫೀಸಿನ ಮಾತು ಬಂದಾಗಲೆಲ್ಲ ನೀನು ತೋಟದ ಕಡೆ ನೋಡುತ್ತೀಯ. ಅದಕ್ಕೇ ಸುಮ್ಮನಿದ್ದೆ." ಪೊನ್ನಂಪೇಟೆಯ ತಂಗಿ ಬರೆದದ್ದು ಸರಿಯಾಗಿಯೇ ಇತ್ತು. ಪಿಸಿಎಂಬಿ ಎಂದು ಅವಳೇ ಹೇಳಿದಳು. ಮುಂದೆ ಕೃಷಿಯೋ ಬೇರೆಯೋ ಈಗಲೇ ಗೊತ್ತಿಲ್ಲ ಎಂದಳು, ನಾನೂ ಒತ್ತಾಯಿಸಲಿಲ್ಲ. ನಾಳೆ ಸರ್ಕಾರಿ ಕಾಲೇಜಿಗೆ ಹೋಗಿ ಅರ್ಜಿ ತರುತ್ತೇವೆ. ಸರ್ಕಾರಿ ಬಸ್ ಸಿಕ್ಕ ದಿನ ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ ದುಡ್ಡಿಲ್ಲ, ಆದರೆ ನಮ್ಮ ಕಡೆ ಖಾಸಗಿ ಬಸ್ಸೇ ಹೆಚ್ಚು. ಮಳೆಗಾಲದಲ್ಲಿ ಓಡಾಟ ಕಷ್ಟವಾದರೆ ಹಿಂದುಳಿದ ವರ್ಗಗಳ ಬಾಲಕಿಯರ ವಿದ್ಯಾರ್ಥಿನಿಲಯಕ್ಕೂ ಅರ್ಜಿ ಹಾಕುತ್ತೇನೆ.

ಪದಗಳ ಪುಸ್ತಕ ಶುರು ಮಾಡಿದ್ದಾಳೆ. ಕಸಿ ಎಂದರೆ ಗ್ರಾಫ್ಟಿಂಗ್ ಎಂದು ಬರೆದಿದ್ದಾಳೆ. ಮೇಲೆ ಕಟ್ಟುವ ಕುಡಿಗೂ ಕೆಳಗಿನ ಬೇರುಗಿಡಕ್ಕೂ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ನಿಮ್ಮನ್ನು ಕೇಳಲು ಹೇಳಿದ್ದಾಳೆ.

ನಿವೃತ್ತ ಉಪನ್ಯಾಸಕಿ, ಹಾಸನ:

ಕುಡಿಗೆ ಸಯಾನ್, ಬೇರುಗಿಡಕ್ಕೆ ರೂಟ್‌ಸ್ಟಾಕ್. ಎರಡರ ಕಾಂಡದೊಳಗೂ ಒಂದು ತೆಳುವಾದ ಪದರ ಇರುತ್ತದೆ, ಅದು ಕ್ಯಾಂಬಿಯಂ. ಹಿಡಿಯದ ಐದು ಕಸಿಗಳಲ್ಲಿ ಆ ಪದರಗಳು ಒಂದಕ್ಕೊಂದು ತಾಗಿದ್ದವೇ ಎಂದು ನಾನು ಕೇಳಿದೆನೆಂದು ಹೇಳಿ.

ನಿಮಗೊಂದು ಕೆಲಸ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರಗಳನ್ನು ಶಾಲೆಯಿಂದ ಈಗಲೇ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಹಾಕಿಸಿಡಿ. ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡು ವರ್ಷ ಬಿಟ್ಟು ಹೋದರೆ ಮುಖ್ಯೋಪಾಧ್ಯಾಯರು ವರ್ಗವಾಗಿರುತ್ತಾರೆ, ಹಳೆಯ ದಾಖಲಾತಿ ಪುಸ್ತಕ ಹುಡುಕಿಸಲು ನೀವು ಅಲೆಯಬೇಕಾಗುತ್ತದೆ.