ಟೊಮೆಟೊ ಇಳಿಯುತ್ತೆ, ರೀಚಾರ್ಜ್ ಇಳಿಯಲ್ಲ

ಕೋಲಾರದವರಿಗೆ ಬೆಲೆ ಏರೋದು ಹೊಸ ವಿಷಯವೇ ಅಲ್ಲ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿದ್ದನ್ನು ಕಣ್ಣಾರೆ ಕಂಡವರು ನಾವು. ಅದೇ ಟೊಮೆಟೊವನ್ನು ಕೇಳೋರಿಲ್ಲದೆ ರಸ್ತೆ ಬದಿಗೆ ಸುರಿದದ್ದನ್ನೂ ಕಂಡಿದ್ದೇವೆ. ಹಾಗಾಗಿ ಮಂಡಿ ಸೀನ ಹರಾಜು ಮುಗಿಸಿ ಟೀ ಅಂಗಡಿಗೆ ಬಂದು ಫೋನನ್ನು ಮೇಜಿನ ಮೇಲೆ ಕುಕ್ಕಿದಾಗ, ರೇಟು ಬಿತ್ತೇನೋ ಅಂದುಕೊಂಡೆವು.

"ಬಿದ್ದರೆ ಚೆನ್ನಾಗಿತ್ತಲ್ಲ! ಇದು ರೀಚಾರ್ಜ್ ಕಣ್ರಯ್ಯ. 239 ಇದ್ದದ್ದು 299 ಆಗಿ ಕೂತಿದೆ. ಒಂದು ಸಲನಾದ್ರೂ ಇಳಿದಿದೆಯಾ? ಟೊಮೆಟೊಗೆ ಇರೋ ಮಾನ ಇದಕ್ಕಿಲ್ಲ."

ರೀಚಾರ್ಜ್ ಅಂಗಡಿ ಮಂಜನಿಗೆ ಈ ತಾರೀಖುಗಳೆಲ್ಲ ಬಾಯಿಪಾಠ. "2019ರ ಡಿಸೆಂಬರ್, 2021ರ ಕೊನೆ, ಆಮೇಲೆ 2024ರ ಜುಲೈ. ಜಿಯೊ, ಏರ್‌ಟೆಲ್ ಎರಡೂ ಜುಲೈ 3ಕ್ಕೆ ಏರಿಸಿದವು. ವಿಐ ಮಾರನೇ ದಿನ."

"ಅವನು ಒಂದು ದಿನ ಯಾಕೆ ಬಿಟ್ಟ?"

"ಪಾಪ ಅಂತ ಇರಬೇಕು."

"ಫೋನ್ ಕಂಪನಿಗಳ ಮೇಲೆ ಕಣ್ಣಿಡೋಕೆ ಟ್ರಾಯ್ ಅಂತ ಒಂದು ಸರ್ಕಾರಿ ಸಂಸ್ಥೆ ಇದೆಯಲ್ಲ, ಅದು ಏನು ಮಾಡ್ತಿತ್ತು?"

"ರೇಟು ಇಡೋರು ಕಂಪನಿಯವರೇ. ಇಟ್ಟ ಮೇಲೆ ಏಳು ಕೆಲಸದ ದಿನದೊಳಗೆ ಟ್ರಾಯ್‌ಗೆ ತಿಳಿಸಿದರೆ ಆಯ್ತು."

ಅಷ್ಟು ಹೊತ್ತು ಸುಮ್ಮನಿದ್ದ ಮೇಷ್ಟ್ರು ಬಾಯಿ ಬಿಟ್ಟರು. ಅವರು ರಿಟೈರಾದ ಗಣಿತದ ಮೇಷ್ಟ್ರು. ಬಾಯಿ ಬಿಟ್ಟರೆ ಲೆಕ್ಕವೇ. "28 ದಿನಕ್ಕೊಂದು ರೀಚಾರ್ಜ್. 13 ಇಂಟು 28 ಎಷ್ಟು? 364. ನನಗೆ ಪಿಂಚಣಿ ವರ್ಷಕ್ಕೆ 12 ಸಲ, ರೀಚಾರ್ಜ್ 13 ಸಲ. ಪಂಚಾಂಗದವರಿಗೆ ಅಧಿಕ ಮಾಸ ಎರಡೂವರೆ, ಮೂರು ವರ್ಷಕ್ಕೊಂದು. ಇವರಿಗೆ ಪ್ರತಿ ವರ್ಷವೂ ಅಧಿಕ ಮಾಸ!"

"30 ದಿನದ ಪ್ಲಾನೂ ಇಡಬೇಕು ಅಂತ ಟ್ರಾಯ್ 2022ರಲ್ಲೇ ಹೇಳಿತು ಮೇಷ್ಟ್ರೇ. ಇದೆ."

"ಇದೆಯಾ? ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ," ಅಂದ ಮಂಜ ಟೀ ಲೋಟಕ್ಕೆ ಮುಖ ಇಟ್ಟ.

ಮೇಷ್ಟ್ರಿಗೆ ಹಳೇ ಕೋಪ ಇನ್ನೊಂದಿದೆ. "ಆಗ ಲೈಫ್‌ಟೈಮ್ ಅಂತ ಸಿಮ್ ಮಾರಿದ್ರಲ್ಲ, ಖುಷಿಯಿಂದ ತಗೊಂಡೆ. 2018ರ ಕೊನೆಗೆ, 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕ್ದೆ ಇದ್ರೆ ಕಟ್ ಅಂದ್ರು. ನಾನಿನ್ನೂ ಗಟ್ಟಿಮುಟ್ಟಾಗಿದ್ದೀನಿ, ಲೈಫ್‌ಟೈಮೇ ಹೋಗಿಬಿಡ್ತು!"

ಹಾಗಾದರೆ ಕಂಪನಿ ಬದಲಾಯಿಸಿ ಅಂದೆ ನಾನು. 2024ರಲ್ಲಿ ಬಿಎಸ್‌ಎನ್‌ಎಲ್ ಒಂದೇ ಏರಿಸಲಿಲ್ಲ, ಎಷ್ಟೋ ಜನ ಆ ಕಡೆ ಹೋದರಲ್ವಾ? ಅಷ್ಟಕ್ಕೇ ಸೀನನ ಮುಖ ಹುಳಿಯಾಯಿತು. ಅವನು ಅದಕ್ಕೂ ಮುಂಚೆ, 2021ರ ಏರಿಕೆಯ ಸಿಟ್ಟಿನಲ್ಲಿ, ಒಂದು ಖಾಸಗಿ ಕಂಪನಿಯಿಂದ ಇನ್ನೊಂದಕ್ಕೆ ಹಾರಿದ್ದ. ಹೆಸರು ಬೇಡ ಬಿಡಿ. 1900ಕ್ಕೆ ಪೋರ್ಟ್ ಅಂತ ಮೆಸೇಜ್ ಕಳಿಸಿದ, ಕೋಡ್ ಬಂತು, ಹೊಸ ಸಿಮ್ ಬಂತು. ಎಲ್ಲ ಸಲೀಸು. ಮನೆಗೆ ಹೋದರೆ ಸಿಗ್ನಲ್ಲೇ ಇಲ್ಲ.

ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಅಂತರಗಂಗೆ ಬೆಟ್ಟಕ್ಕೆ ಮುಖ ಮಾಡಿ ನಿಂತರೆ ಮಾತ್ರ ಎರಡು ಕಡ್ಡಿ. ಒಂದು ಹೆಜ್ಜೆ ಆಚೆ ಈಚೆ ಆದರೆ ಕಟ್. ಮಂಡಿಯವನಿಗೆ ಬೆಳಗಿನ ಜಾವವೇ ಫೋನು. ಲುಂಗಿ ಎತ್ತಿಕಟ್ಟಿ ಓಡುತ್ತಿದ್ದ. ಹೆಂಡತಿ ಕಾಫಿಯನ್ನು ಮೆಟ್ಟಿಲ ತುದಿಯಲ್ಲಿಟ್ಟು ಇಳಿದುಬಿಡುತ್ತಿದ್ದಳು. ದಿನಾ ಬೆಳಗ್ಗೆ ಬೆಟ್ಟದ ಕಡೆ ತಿರುಗಿ ನಿಲ್ಲೋದನ್ನು ಕಂಡ ಪಕ್ಕದ ಮನೆಯವರು, "ಯಾವ ವ್ರತ ಹಿಡಿದಿದ್ದೀರಿ? ನಮ್ಮೆಜಮಾನರಿಗೂ ಹೇಳಿಕೊಡಿ" ಅಂದರಂತೆ. ವಾಪಸ್ ಬರೋಣ ಅಂದರೆ ಒಂದು ಸಲ ಹಾರಿದ ಮೇಲೆ 90 ದಿನ ಅಲ್ಲೇ ಇರಬೇಕು. ವ್ರತ ಪೂರ್ತಿ ಆಯಿತು.

ಮೇಷ್ಟ್ರ ಮಗಳು ಇರೋದು ಇಂಗ್ಲೆಂಡಿನಲ್ಲಿ. "ಅಲ್ಲಿ ಎರಡು ವರ್ಷದ ಕರಾರೂ ಉಂಟು. ಮಧ್ಯದಲ್ಲಿ ಬಿಟ್ಟರೆ ದಂಡ. ಆದರೂ ಏಪ್ರಿಲ್ ಬಂತು ಅಂದರೆ ಏರಿಕೆ. ಹಣದುಬ್ಬರ ಎಷ್ಟೋ ಅಷ್ಟು, ಅದರ ಮೇಲೆ ಶೇಕಡಾ 3.9 ಅಂತ ಹಾಕ್ತಿದ್ರು."

"ಹಣದುಬ್ಬರ ಸರಿ. ಆ 3.9 ಯಾತಕ್ಕೆ?"

"ಅಲ್ಲಿನ ಜನವೂ ಅದನ್ನೇ ಕೇಳಿದ್ರು. ಅವರ ಟ್ರಾಯ್‌ಗೆ ಆಫ್‌ಕಾಮ್ ಅಂತಾರೆ. 2025ರ ಜನವರಿ 17ರಿಂದ ಹೊಸ ಕರಾರಲ್ಲಿ ಶೇಕಡಾ ಲೆಕ್ಕ ಬೇಡ, ಎಷ್ಟು ಪೌಂಡು, ಎಷ್ಟು ಪೆನ್ಸು ಏರುತ್ತೆ ಅಂತ ಮೊದಲೇ ಬರೆದು ತೋರಿಸಿ ಅಂತು."

"ಅಂದ್ರೆ ಏರಿಸಬೇಡಿ ಅನ್ನಲಿಲ್ಲ?"

"ಇಲ್ಲ. ಹೇಳಿ ಏರಿಸಿ ಅಂತು."

ಸೀನನಿಗೆ ಇದು ಬಲು ಹಿಡಿಸಿತು. ಒಂದೇ ಹೊಡೆತ ಎಲ್ಲೆಲ್ಲೂ ಬಿದ್ದರೆ ಅಷ್ಟು ನೋಯಲ್ಲ.

ನಿಜ ಹೇಳಬೇಕೆಂದರೆ ನಮ್ಮನ್ನು ಕಟ್ಟಿಹಾಕಿರೋದು ಕರಾರಲ್ಲ, ಓಟಿಪಿ. ಮೇಷ್ಟ್ರ ಎರಡನೇ ಸಿಮ್‌ಗೆ ಒಬ್ಬರೂ ಫೋನ್ ಮಾಡಲ್ಲ. ಆದರೆ ಪಿಂಚಣಿಯ ಬ್ಯಾಂಕು, ಗ್ಯಾಸು, ಆಧಾರ್, ಎಲ್ಲ ಅದೇ ನಂಬರಿಗೆ ಅಂಟಿಕೊಂಡಿವೆ. ಬಿಟ್ಟರೆ ಮನುಷ್ಯನೇ ಇಲ್ಲ ಅಂದ ಹಾಗೆ. ಬರೀ ಮಾತಿಗೂ ಮೆಸೇಜಿಗೂ ಒಂದು ಪ್ಯಾಕ್ ಇಡಿ ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಅಂಥವೂ ಬಂದಿವೆ. ಆದರೆ ಅವೂ ಪುಕ್ಕಟೆಯಲ್ಲ. ಅವು ಬರೋವರೆಗೆ ಮೇಷ್ಟ್ರ ತಾಯಿಯ ಬಟನ್ ಫೋನಿಗೂ ದಿನಕ್ಕೆ ಒಂದೂವರೆ ಜಿಬಿ ಹಾಕಿಸುತ್ತಿದ್ದರು. ಅಜ್ಜಿ ಅದರಲ್ಲಿ ಬಳಸೋದು ಟಾರ್ಚು.

"ಎಲ್ಲರೂ ಸೇರಿ ಒಂದು ತಿಂಗಳು ರೀಚಾರ್ಜ್ ನಿಲ್ಲಿಸಬೇಕು," ಸೀನ ಮೇಜು ಗುದ್ದಿದ. "ಆಗ ಗೊತ್ತಾಗುತ್ತೆ!"

"28 ದಿನ ಸಾಕು," ಅಂದರು ಮೇಷ್ಟ್ರು.

ಮಂಜ ಲೋಟ ಕೆಳಗಿಟ್ಟ. "ಮತ್ತೆ ಏರುತ್ತಂತೆ ಅಂತ ಜನ ಮಾತಾಡ್ಕೋತಿದ್ದಾರೆ. 2024ರಲ್ಲಿ ಬುದ್ಧಿವಂತರು ಜುಲೈ 3ರೊಳಗೆ ಹಳೇ ರೇಟಲ್ಲೇ ಮುಂದಿನದನ್ನೂ ಹಾಕಿಸಿಟ್ಟುಕೊಂಡರು."

ಯಾರೂ ಮಾತಾಡಲಿಲ್ಲ. ಆಮೇಲೆ ಸೀನ ಮೆತ್ತಗೆ ಕೇಳಿದ: "ವರ್ಷದ್ದು ಈಗಲೇ ಹಾಕಿಸಿದ್ರೆ ಎಷ್ಟಾಗುತ್ತೆ?"

"ಏಯ್, ತಡಿಯೋ," ಅಂದ ಮೇಷ್ಟ್ರು ಆಗಲೇ ಎರಡೂ ಫೋನ್ ಮೇಜಿನ ಮೇಲಿಟ್ಟಿದ್ದರು. "ಮೊದಲು ಸೀನಿಯರ್ ಸಿಟಿಜನ್‌ದು."