ಮಿಷನ್ ಕಾಲದ ಸಣ್ಣ ಕಾಲೇಜಿನ ಹಳೆ ರಿಜಿಸ್ಟರ್, ಫೋಟೋ, ಗಂಟೆ, ಹಂಚಿನ ಮಾಡು: ಮಳೆಗಾಲಕ್ಕೆ ಮೊದಲು ಏನು ಮಾಡಬೇಕು?

ಕಡಲಬದಿ (ಪ್ರಶ್ನೆ)

ಉಡುಪಿ ಜಿಲ್ಲೆಯ ಒಂದು ಸಣ್ಣ ಕ್ರೈಸ್ತ ಕಾಲೇಜಿನ ಪರವಾಗಿ ಕೇಳುತ್ತಿದ್ದೇನೆ. ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ) ಶಾಲೆಯಾಗಿ ಶುರು ಮಾಡಿದ್ದು. ಪಿಯುಸಿ, ಡಿಗ್ರಿ ಎಲ್ಲ ಆಮೇಲೆ ಸೇರಿದವು. ಮುಂದಿನ ವರ್ಷ ಜುಬಿಲಿ. ಪರಂಪರೆಯ ಕೋಣೆ ಮಾಡಲಿಕ್ಕೆಂದು ನೆಲಮಹಡಿಯ ಒಂದು ಕ್ಲಾಸ್‌ರೂಮ್ ಬಿಟ್ಟುಕೊಟ್ಟಿದ್ದಾರೆ.

ಇರುವ ಸಾಮಾನು: ಸ್ವಾತಂತ್ರ್ಯಕ್ಕಿಂತ ಹಿಂದಿನ ಎಡ್ಮಿಷನ್ ರಿಜಿಸ್ಟರ್‌ಗಳು, ಸಮಿತಿಯ ಮಿನಿಟ್ಸ್ ಪುಸ್ತಕಗಳು, ಫ್ರೇಮ್ ಹಾಕಿದ ಗ್ರೂಪ್ ಫೋಟೋಗಳು, ಕನ್ನಡ ಮತ್ತು ತುಳು ಸಂಗೀತ ಪುಸ್ತಕಗಳು (ಚರ್ಚಿನ ಹಾಡುಗಳದ್ದು), ಒಂದು ಕಂಚಿನ ಗಂಟೆ. ಇದಲ್ಲದೆ ಹಂಚಿನ ಮಾಡಿನ (ಛಾವಣಿಯ) ಹಳೆ ಹಾಲ್ ಬೇರೆ ಉಂಟು. ರಿಜಿಸ್ಟರ್‌ಗಳಿಗೆ ಲ್ಯಾಮಿನೇಶನ್, ಹಂಚಿಗೆ ಕೆಂಪು ಪೇಂಟ್, ಗಂಟೆಗೆ ಪಾಲಿಶ್ ಮಾಡಿಸುವ ಎಂದು ಸಲಹೆ ಬಂದಿದೆ. ಮೂರಕ್ಕೂ ಮನಸ್ಸು ಒಪ್ಪುತ್ತಿಲ್ಲ. ಈಗ ಫೆಬ್ರವರಿ. ಜೂನ್‌ಗೆ ಮೊದಲು ಯಾವುದನ್ನು ಮುಗಿಸಬೇಕು, ಯಾವುದಕ್ಕೆ ಕೈ ಹಾಕಲೇಬಾರದು? ಸ್ಥಾಪಕರ ದಿನದ ರೂಢಿಗಳನ್ನು ದಾಖಲಿಸುವ ಕ್ರಮ ಹೇಗೆ?

ಹಳೆಕಡತ

ಲ್ಯಾಮಿನೇಶನ್ ಬೇಡವೇ ಬೇಡ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಒಮ್ಮೆ ಇಳಿದರೆ ಬಿಡಿಸಲಿಕ್ಕಾಗುವುದಿಲ್ಲ. ಒಳಗೆ ಸಿಕ್ಕಿದ ತೇವ, ಆಮ್ಲ ಅಲ್ಲೇ ಕೂತು ಕಾಗದವನ್ನು ಪುಡಿ ಮಾಡುತ್ತವೆ. ಹರಿದ ಕಡೆ ಸೆಲ್ಲೋಟೇಪ್ ಕೂಡ ಬೇಡ. ಕೆಲವು ವರ್ಷದಲ್ಲಿ ಟೇಪ್ ಉದುರಿ ಅಂಟಿನ ಹಳದಿ ಕಲೆ ಮಾತ್ರ ಉಳಿಯುತ್ತದೆ. ಅಕ್ಷರಗಳು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ಶಾಯಿ. ಅದಕ್ಕೆ ಒದ್ದೆ ಬಟ್ಟೆ ತಾಗಿಸಬೇಡಿ. ನೀರು ಬಿದ್ದರೆ ಶಾಯಿಯ ಆಮ್ಲ ಹರಡಿ ಅಕ್ಷರ ಇದ್ದ ಜಾಗವೇ ತೂತಾಗಿ ಬೀಳುತ್ತದೆ. ಮೆತ್ತಗಿನ ಪೇಂಟಿಂಗ್ ಬ್ರಶ್ಶಿನಿಂದ, ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ ಧೂಳು ಗುಡಿಸಿ, ಸಾಕು. ತುಕ್ಕು ಹಿಡಿದ ಸ್ಟೇಪಲ್ ಪಿನ್, ರಬ್ಬರ್ ಬ್ಯಾಂಡ್ ತೆಗೆದು ಹತ್ತಿ ನೂಲಿನ ಪಟ್ಟಿ ಕಟ್ಟಿ.

ಧೂಳು ಗುಡಿಸುವುದಕ್ಕೂ ಮೊದಲಿನ ಕೆಲಸ ಒಂದುಂಟು. ಪ್ರತಿ ವಸ್ತುವಿಗೆ ನಂಬರ್ ಕೊಟ್ಟು ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಬರೆಯಿರಿ: ಏನು, ಅಳತೆ ಎಷ್ಟು, ಯಾವ ಕಪಾಟಿನಲ್ಲಿ ಸಿಕ್ಕಿತು, ಯಾರು ಕೊಟ್ಟರು, ಈಗಿನ ಸ್ಥಿತಿ. ಕಾಗದದ ಮೇಲೆ ನಂಬರ್ ಹಾಕುವುದು 2ಬಿ ಪೆನ್ಸಿಲ್‌ನಲ್ಲಿ, ಒಂದು ಮೂಲೆಗೆ. ಬಾಲ್‌ಪೆನ್ ಒತ್ತಿದರೆ ಆಚೆ ಬದಿಗೆ ಗುರುತು ಬೀಳುತ್ತದೆ. ಎಲ್ಲಿ ಸಿಕ್ಕಿತು ಎಂಬ ಮಾಹಿತಿ ಕಳೆದುಹೋದರೆ ಅದನ್ನು ಯಾವ ತಜ್ಞರೂ ವಾಪಸ್ ತಂದುಕೊಡಲಾರರು.

ಇನ್ನು ಕೋಣೆ. ಕರಾವಳಿಯಲ್ಲಿ ನೆಲಮಹಡಿ ಅಂದರೆ ನೆಲದಿಂದ ತೇವ ಏರುತ್ತದೆ, ಒರಲೆಯೂ (ಗೆದ್ದಲು) ಬರುತ್ತದೆ. ಸಾಧ್ಯವಿದ್ದರೆ ಮೊದಲ ಮಹಡಿಗೆ ಹೋಗಿ, ಪಶ್ಚಿಮ ಮತ್ತು ದಕ್ಷಿಣದ ಹೊರಗೋಡೆ ಇಲ್ಲದ ಕೋಣೆ ಕೇಳಿ. ಕಪಾಟು ಉಕ್ಕಿನದ್ದಾಗಿರಲಿ, ನೆಲದಿಂದ 15 ಸೆಂ.ಮೀ. ಎತ್ತರ, ಗೋಡೆಯಿಂದ ನಾಲ್ಕು ಬೆರಳು ದೂರ. ಗಾಳಿಯ ತೇವ 65% ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ. ನಮ್ಮಲ್ಲಿ ಜುಲೈ ತಿಂಗಳು ಅದಕ್ಕಿಂತ ಎಷ್ಟೋ ಮೇಲೆ. ಹಂಚಿನ ಮಾಡಿನ ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಇಡುವುದು ದುಡ್ಡು ದಂಡ, ಸಂದುಗಳಿಂದ ಹೊರಗಿನ ಗಾಳಿ ಬರುತ್ತಲೇ ಇರುತ್ತದೆ. ಅದರ ಬದಲು ರಬ್ಬರ್ ಸೀಲ್ ಇರುವ ಪಾಲಿಪ್ರೊಪಿಲಿನ್ ಡಬ್ಬಿ, ಒಳಗೆ ಬಟ್ಟೆ ಚೀಲದಲ್ಲಿ ಸಿಲಿಕಾ ಜೆಲ್ (ತೇವ ಹೀರುವ ಹರಳು), ಜೊತೆಗೆ ಒಂದು ಸಣ್ಣ ತೇವಮಾಪಕ. 45ರಿಂದ 55% ನಡುವೆ ನಿಂತರೆ ಒಳ್ಳೆಯದು. 40%ಕ್ಕಿಂತ ಕೆಳಗೆ ಇಳಿದರೆ ಜೆಲ್ ಕಮ್ಮಿ ಮಾಡಿ, ಫೋಟೋದ ಮೇಲ್ಪದರ ಸೆಟೆದು ಬಿರಿಯುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ 120 ಡಿಗ್ರಿ ಓವನ್‌ನಲ್ಲಿ ಎರಡು-ಮೂರು ಗಂಟೆ ಒಣಗಿಸಿ ಪುನಃ ಹಾಕಬಹುದು.

ಡಬ್ಬಿಗೆ ತುಂಬುವುದು ಈಗಲೇ, ಫೆಬ್ರವರಿ-ಮಾರ್ಚ್‌ನಲ್ಲೇ ಆಗಬೇಕು. ಜೂನ್‌ನಲ್ಲಿ ತೇವ ಕುಡಿದ ಪುಸ್ತಕವನ್ನು ಮುಚ್ಚಳ ಹಾಕಿ ಇಟ್ಟರೆ ಒಳಗೇ ಬೂಷ್ಟು ಸಾಕಿದ ಹಾಗೆ.

ಹುಳ ಬಿದ್ದ ಪುಸ್ತಕ ಇದ್ದರೆ ಉಳಿದವುಗಳ ಜೊತೆ ಸೇರಿಸಬೇಡಿ. ಎರಡು ಪದರ ಪಾಲಿಥಿನ್‌ನಲ್ಲಿ ಗಾಳಿ ಒತ್ತಿ ತೆಗೆದು ಕಟ್ಟಿ, ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಬೇಕು, ಇಲ್ಲದಿದ್ದರೆ ಇಬ್ಬನಿ ಕಾಗದದ ಮೇಲೆಯೇ ಕೂರುತ್ತದೆ. ಇದರಿಂದ ಹುಳ, ಮೊಟ್ಟೆ ಸಾಯುತ್ತವೆ, ಬೂಷ್ಟು ಸಾಯುವುದಿಲ್ಲ.

ಗ್ರೂಪ್ ಫೋಟೋ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಗಾಜಿನ ಮೇಲಿಂದಲೇ ಫೋಟೋ ತೆಗೆಯಿರಿ. ಉಳಿದವಕ್ಕೆ ಗಾಜು ಮತ್ತು ಚಿತ್ರದ ನಡುವೆ 3 ಮಿ.ಮೀ. ಆಮ್ಲರಹಿತ ರಟ್ಟಿನ ಅಂಚು ಕೊಡಿಸಿ. ಸ್ಕ್ಯಾನ್ ಲೆಕ್ಕ: ಪುಟಕ್ಕೆ 300 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ), ಫೋಟೋಗೆ 600, ಸ್ಕ್ಯಾನಿನ ಮೂಲಪ್ರತಿ ಟಿಫ್ ಫೈಲ್. ಬಣ್ಣದ ಎ4 ಪುಟ 300ರಲ್ಲಿ ಸುಮಾರು 26 ಎಂಬಿ, ಅಂದರೆ ಸಾವಿರ ಪುಟಕ್ಕೆ 26 ಜಿಬಿ. 12×10 ಇಂಚಿನ ಗ್ರೂಪ್ ಫೋಟೋ ಒಂದೇ 130 ಎಂಬಿ ಆಗ್ತದೆ. ದಪ್ಪ ರಿಜಿಸ್ಟರನ್ನು ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಮೇಲೆ ಮಗುಚಿ ಒತ್ತಿದರೆ ಬೆನ್ನು ಒಡೆಯುತ್ತದೆ. ಕ್ಯಾಮೆರಾವನ್ನು ಮೇಲೆ ನಿಲ್ಲಿಸಿ, ಎರಡು ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು ಕೊಟ್ಟು ತೆಗೆಯಿರಿ.

ಇನ್ನೊಂದು ಮಾತು, ಗಂಭೀರವಾಗಿ ತೆಗೆದುಕೊಳ್ಳಿ. ಎಡ್ಮಿಷನ್ ರಿಜಿಸ್ಟರ್ ಇವತ್ತಿಗೂ ಹುಟ್ಟಿದ ದಿನ, ಜಾತಿ ಸಾಬೀತು ಮಾಡಲು ಜನ ಬಂದು ಕೇಳುವ ದಾಖಲೆ. ಮೂಲಪ್ರತಿ ಆಫೀಸಿನ ವಶದಲ್ಲೇ ಇರಲಿ, ಪ್ರದರ್ಶನಕ್ಕೆ ನಕಲು ಇಡಿ. ಪುಟಗಳ ಚಿತ್ರವನ್ನು ವಾಟ್ಸಾಪ್, ಫೇಸ್‌ಬುಕ್‌ಗೆ ಹಾಕಬೇಡಿ. ಅದರಲ್ಲಿರುವ ತಂದೆಯ ಕಸುಬು, ಜಾತಿ, ಫೀಸು ಬಾಕಿ ಇವೆಲ್ಲ ಊರಿನಲ್ಲಿ ಇವತ್ತೂ ಇರುವ ಮನೆಗಳಿಗೆ ಸೇರಿದ ವಿಷಯ.

ಹಂಚು-ಸುಣ್ಣ

ಮಾಡಿನ ವಿಷಯ ಹೇಳ್ತೇನೆ. ಪೇಂಟ್ ಬೇಡ. ಸೀಳಿದ ಹಂಚನ್ನು ಪೇಂಟ್ ಮುಚ್ಚಿಡುತ್ತದೆ, ಸೋರುವಾಗ ಎಲ್ಲಿಂದ ಎಂದು ಹುಡುಕುವುದೇ ಕಷ್ಟ. ಕೆಲವೇ ಮಳೆಗಾಲದಲ್ಲಿ ಸುಲಿದೂ ಬರುತ್ತದೆ. ಪಾಚಿಯನ್ನು ಏಪ್ರಿಲ್‌ನಲ್ಲಿ ಚೆನ್ನಾಗಿ ಒಣಗಿದಾಗ ತೆಂಗಿನ ನಾರಿನ ಬ್ರಶ್ಶಿನಿಂದ ಉಜ್ಜಿಸಿ. ಪ್ರೆಶರ್ ವಾಶರ್ ಹಿಡಿದರೆ ಹಂಚಿನ ಮೇಲ್ಮೈ ತೆರೆದುಕೊಂಡು ಮರುವರ್ಷ ಪಾಚಿ ದುಪ್ಪಟ್ಟು.

ಹಂಚು ಬದಲಿಸುವಾಗ 100 ಚದರ ಅಡಿಗೆ ಸುಮಾರು 150 ಎಂದು ಲೆಕ್ಕ ಹಿಡಿಯಿರಿ. ಆದರೆ ಕಂಪೆನಿಯಿಂದ ಕಂಪೆನಿಗೆ ಹಲ್ಲು, ಕೂಡುವ ಗೀರು ಬೇರೆ ಬೇರೆ. ಹಳೆ ಹಂಚಿನ ನಡುವೆ ಬೇರೆ ಕಂಪೆನಿಯದ್ದು ಸೇರಿಸಿದರೆ ಸಂದು ಬಿಟ್ಟು ನೀರು ರೀಪಿನ (ಹಂಚು ಕೂರುವ ಮರದ ಪಟ್ಟಿ) ಮೇಲೆಯೇ ಇಳಿಯುತ್ತದೆ. ಹಳೆ ಹಂಚುಗಳನ್ನೆಲ್ಲ ಒಟ್ಟು ಮಾಡಿ ಒಂದು ಇಡೀ ಬದಿಗೆ ಹಾಕಿಸಿ, ಹೊಸದನ್ನು ಹಿಂಬದಿಗೆ. ಹಂಚು ಒಳ್ಳೆಯದೋ ಎಂದು ನೋಡಲು ಗೆಣ್ಣಿನಿಂದ ಕುಟ್ಟಿ: ಠಣ್ ಎನ್ನಬೇಕು. ಅನುಮಾನ ಇದ್ದರೆ ಒಣ ತೂಕ ನೋಡಿ, ಒಂದು ದಿನ ನೀರಲ್ಲಿ ಮುಳುಗಿಸಿ ಪುನಃ ತೂಗಿ. ಐದನೇ ಒಂದು ಪಾಲಿಗಿಂತ ಹೆಚ್ಚು ತೂಕ ಏರಿದ್ದು ಬೇಡ. ಪಕ್ಕಾಸಿನ (ಮಾಡಿನ ಓರೆ ಮರ) ತುದಿ, ಗೋಡೆಯೊಳಗೆ ಹೋಗುವ ಜಾಗ, ಇವೆರಡನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಕೊಳೆಯುವುದು ಅಲ್ಲಿಂದಲೇ.

ಗೋಡೆ ಮುರಕಲ್ಲಿನದ್ದಾದರೆ (ಜಂಬಿಟ್ಟಿಗೆ) ಸಿಮೆಂಟ್ ಗಾರೆ ಹಚ್ಚಿಸಬೇಡಿ, ಕಲ್ಲಿನ ತೇವ ಹೊರಗೆ ಬರಲಾಗದೆ ಗಾರೆ ಉಬ್ಬಿ ಬೀಳುತ್ತದೆ. ಸುಣ್ಣದ ಗಾರೆ, ಸುಣ್ಣ ಒಂದು ಪಾಲು, ಮರಳು ಮೂರು.

ಹಂಚಿನ ಅಡಿಬದಿಯ ಮುದ್ರೆಯನ್ನು ಫೋಟೋ ತೆಗೆದು ಇಡಿ, ಆದರೆ ಓದುವಾಗ ಜಾಗ್ರತೆ. ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂದಿದ್ದರೆ ಅದು ಮಂಗಳೂರಿನ ಜೆಪ್ಪುವಿನ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ, ಕಟ್ಟಡದ ವರ್ಷ ಅಂತೂ ಅಲ್ಲವೇ ಅಲ್ಲ. ‘ಕಾಮನ್‌ವೆಲ್ತ್’ ಎಂದಿದ್ದರೆ ಮೊದಲ ಮಹಾಯುದ್ಧದ ನಂತರದ್ದು; ಮಿಷನ್ನಿನ ಕಾರ್ಖಾನೆಗಳು ಆಗ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಜುಬಿಲಿ ಫಲಕದಲ್ಲಿ 1865 ಎಂದು ಕೆತ್ತಿಸಿದ ಮೇಲೆ ತಿದ್ದುವುದು ಯಾರಿಗೂ ಸುಲಭ ಅಲ್ಲ.

ಬಲ್ಮಠ ಆಲ್ಟೊ

ಮೇಲಿನವರ ಇಸವಿಯ ಮಾತಿಗೇ ಸೇರಿಸುತ್ತೇನೆ. 30 ಅಕ್ಟೋಬರ್ 1834 ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಿಳಿದ ದಿನ. ಅದು ಮಿಷನ್ನಿನ ಆರಂಭ. ನಿಮ್ಮ ಶಾಲೆಯ ಆರಂಭ, ಕಾಲೇಜಿಗೆ ಮಾನ್ಯತೆ ಸಿಕ್ಕಿದ್ದು, ಇವೆರಡು ಬೇರೆ. ಮೂರನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ಹಳೆ ಆದೇಶ ಹುಡುಕುವಾಗ ನೆನಪಿರಲಿ: 1956ರ ತನಕ ನಿಮ್ಮ ಊರು ಇದ್ದ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಮಂಗಳೂರು ವಿಶ್ವವಿದ್ಯಾನಿಲಯ ಬಂದದ್ದು 1980ರಲ್ಲಿ, ಉಡುಪಿ ಜಿಲ್ಲೆ ಬೇರೆಯಾದದ್ದು 1997ರಲ್ಲಿ.

ಮಿಷನ್ ಕಾಲದ ಕಾಗದಪತ್ರಕ್ಕೆ ಮೊದಲು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ಹೋಗಿ. ಹಳೆ ಫೋಟೋ, ನಕ್ಷೆಗಳು ಬಾಸೆಲ್‌ನ ಮಿಷನ್ 21 ಪತ್ರಾಗಾರದ ಆನ್‌ಲೈನ್ ಸೂಚಿಯಲ್ಲಿ ಉಂಟು. ಅಲ್ಲಿ ‘ಉಡುಪಿ’ ಎಂದು ಹುಡುಕಿ ಸಿಗದಿದ್ದರೆ ‘ಉಡಪಿ’ (Udapi) ಎಂಬ ಹಳೆ ಕಾಗುಣಿತ ಹಾಕಿ. ಕೈಬರಹದ ವರದಿಗಳು ಹಳೆ ಜರ್ಮನ್ ಲಿಪಿಯಲ್ಲಿವೆ. ಜರ್ಮನ್ ಗೊತ್ತಿದ್ದವರೂ ಆ ಲಿಪಿ ಕಲಿಯದೆ ಓದಲಾರರು.

ಸಂಗೀತ ಪುಸ್ತಕಗಳಲ್ಲಿ ಅಕ್ಷರ ಕೈಬರಹದ ಹಾಗೆ ಕಂಡರೆ ಅದು ಕಲ್ಲಚ್ಚಿನದ್ದಿರಬಹುದು (ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ್ದು). 1841ರಲ್ಲಿ ಶುರುವಾದ ಬಾಸೆಲ್ ಮಿಷನ್ ಪ್ರೆಸ್ಸಿನ ಮೊದಮೊದಲ ಕೆಲಸ ಹಾಗೇ, 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯೂ ಕಲ್ಲಚ್ಚು. ಅಂಥದ್ದು ಸಿಕ್ಕರೆ ಬೈಂಡಿಂಗ್‌ಗೆ ಕೊಡಬೇಡಿ. ಬೈಂಡರ್ ಅಂಚು ಕತ್ತರಿಸುವಾಗ ಮಾರ್ಜಿನ್‌ನಲ್ಲಿ ಯಾರೋ ಬರೆದಿಟ್ಟ ರಾಗದ ಸೂಚನೆಯೂ ಹೋಗುತ್ತದೆ.

ರೂಢಿಗಳ ಬಗ್ಗೆ. ಇವೇ ಎಲ್ಲಕ್ಕಿಂತ ಬೇಗ ಹೋಗುವಂಥವು, ನನಗೆ ಇದರ ಚಿಂತೆಯೇ ಜಾಸ್ತಿ. ‘ಗಂಟೆ ಬಾರಿಸಿ, ಹಾಡಿ, ಪ್ರಾರ್ಥಿಸಿ ಆಚರಿಸಲಾಯಿತು’ ಎಂದು ಬರೆದರೆ ಮುಂದಿನವರಿಗೆ ಏನೂ ಸಿಗುವುದಿಲ್ಲ. ಯಾರು ಬಾರಿಸುವುದು, ಎಷ್ಟು ಹೊಡೆತ, ಮೆರವಣಿಗೆಯಲ್ಲಿ ಯಾರು ಮುಂದೆ, ಬೈಬಲ್ ಯಾವ ಭಾಷೆಯಲ್ಲಿ ಓದುವುದು, ಯಾವ ವಚನ, ಬಿಡಾರದ ಅಡಿಗೆಯವರಿಗೆ ಮರ್ಯಾದೆ ಯಾವಾಗ: ಹಂತ ಹಂತವಾಗಿ ಬರೆಯಿರಿ. ಹಾಡಿಗೆ ಸಂಗೀತ ಪುಸ್ತಕದ ನಂಬರ್, ಶ್ರುತಿ, ಯಾವ ಚರಣ ಹಾಡುತ್ತಾರೆ, ಯಾವುದನ್ನು ಬಿಡುತ್ತಾರೆ. ಜರ್ಮನ್ ಕೋರಲ್ (ಚರ್ಚಿನ ಸಭೆ ಹಾಡುವ ಗೀತೆ) ರಾಗಗಳು ಇಲ್ಲಿನ ಬಾಯಲ್ಲಿ ನಿಧಾನವಾಗಿವೆ, ಸಾಲಿನ ಕೊನೆ ಎಳೆಯುವ ರೀತಿಯೇ ಬೇರೆ. ಅದನ್ನು ಸ್ವರಲಿಪಿ ಹಿಡಿಯುವುದಿಲ್ಲ, ಧ್ವನಿಮುದ್ರಣವೇ ಬೇಕು. ಮೊದಲು ಒಬ್ಬೊಬ್ಬರಾಗಿ ಹಾಡಿಸಿ, ಆಮೇಲೆ ಗುಂಪಾಗಿ. ಗುಂಪಿನಲ್ಲಿ ಒಳಧ್ವನಿಗಳು ಕೇಳುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಫ್ಯಾನ್ ಬಂದ್ ಮಾಡಿ. ಶುರುವಿನಲ್ಲಿ ದಿನಾಂಕ, ಸ್ಥಳ, ಹಾಡಿದವರ ಹೆಸರು ಬಾಯಲ್ಲೇ ಹೇಳಿಸಿ, ಬಳಸಲು ಒಪ್ಪಿಗೆಯನ್ನೂ ಬರೆಸಿಕೊಳ್ಳಿ.

‘ಮೊದಲಿನಿಂದಲೂ ಹೀಗೇ’ ಎಂದು ಯಾರಾದರೂ ಹೇಳಿದರೆ ಮಿನಿಟ್ಸ್ ಪುಸ್ತಕ, ಹಳೆ ವಾರ್ಷಿಕ ಸಂಚಿಕೆ ತೆರೆದು ನೋಡಿ. ಪುರಾವೆ ಸಿಕ್ಕಿದ ಅತಿ ಹಳೆ ವರ್ಷ ಯಾವುದೋ ಅದನ್ನೇ ಬರೆಯಿರಿ. ದೀಪ ಬೆಳಗುವುದು ಇತ್ತೀಚೆಗೆ ಸೇರಿದ್ದಾದರೆ ಹಾಗೆಂದೇ ಬರೆಯಿರಿ, ಅದರಿಂದ ಅದರ ಬೆಲೆ ಕಮ್ಮಿಯಾಗುವುದಿಲ್ಲ.

ಕಡಲಬದಿ

ತುಂಬಾ ಉಪಕಾರ ಆಯ್ತು. ಮೊದಲ ಮಹಡಿಗೆ ಕೇಳುತ್ತೇವೆ. ಎರಡು ಸಂಶಯ ಉಳಿದಿವೆ: ಮೈನಸ್ 20 ಡಿಗ್ರಿ ಮನೆಯ ಫ್ರಿಜ್‌ನಲ್ಲಿ ಆಗ್ತದಾ? ಗಂಟೆಯಲ್ಲಿ ಏನೋ ಬರಹ ಇದೆ, ಓದಲು ಆಗುವುದಿಲ್ಲ. ಹುಣಸೆಹುಳಿ ಹಾಕಿ ಉಜ್ಜಬಹುದಾ?

ಹಳೆಕಡತ

ಮನೆ ಫ್ರಿಜ್‌ನ ಮೇಲಿನ ಖಾನೆಯನ್ನು ನಂಬಬೇಡಿ, ಬಾಗಿಲು ತೆಗೆದಾಗೆಲ್ಲ ಏರುತ್ತದೆ. ಐಸ್‌ಕ್ರೀಮ್ ಇಡುವ ಚೆಸ್ಟ್ ಫ್ರೀಜರ್ ಸಿಕ್ಕರೆ ಒಳಗೆ ಥರ್ಮಾಮೀಟರ್ ಇಟ್ಟು ನೋಡಿ. ಮೀನಿನದ್ದಾದರೆ ಬೇಡ, ವಾಸನೆ ಹಿಡಿಯುತ್ತದೆ.

ಗಂಟೆಗೆ ಹುಳಿಯೂ ಬೇಡ, ಬ್ರಾಸೋ ಎಂಬ ಲೋಹದ ಪಾಲಿಶ್ ಕೂಡ ಬೇಡ. ಉಜ್ಜಿದಷ್ಟೂ ಉಬ್ಬು ಅಕ್ಷರ ಸವೆಯುತ್ತದೆ, ಹುಳಿ ಸಣ್ಣ ತೂತುಗಳಲ್ಲಿ ಉಳಿದು ಹಸಿರು ಕಿಲುಬು ಹಿಡಿಸುತ್ತದೆ. ಒಣ ಬ್ರಶ್ಶಿನಿಂದ ಧೂಳು ತೆಗೆದು, ಬರಹದ ಮೇಲೆ ಬಟರ್ ಪೇಪರ್ ಬಿಗಿಯಾಗಿ ಹಿಡಿದು ಮೆತ್ತಗಿನ ಪೆನ್ಸಿಲ್ ಅಡ್ಡವಾಗಿ ಆಡಿಸಿ, ಅಕ್ಷರ ಮೂಡುತ್ತದೆ. ಇಲ್ಲದಿದ್ದರೆ ಕತ್ತಲೆ ಮಾಡಿ ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ಒರಗಿಸಿದ ಹಾಗೆ ಹಿಡಿದು ಫೋಟೋ ತೆಗೆಯಿರಿ.

ಬಾರಿಸುವ ರೂಢಿ ಮುಂದುವರಿಸಿ. ಆದರೆ ಸುತ್ತಿಗೆಯಿಂದ ಹೊಡೆಯಬಾರದು, ನಾಲಗೆಯನ್ನು ಹಗ್ಗದಿಂದ ಎಳೆದು ಗಂಟೆಗೆ ಒತ್ತಿ ಹಿಡಿಯಲೂಬಾರದು. ನಾಲಗೆ ತಾಗಿದ ಕೂಡಲೇ ಹಿಂದೆ ಚಿಮ್ಮಬೇಕು, ಇಲ್ಲದಿದ್ದರೆ ಕಂಚು ಸೀಳುತ್ತದೆ. ಜೂನ್‌ಗೆ ಮೊದಲು ತೂಗುಹಾಕಿದ ಬೋಲ್ಟನ್ನೂ ಬಿಚ್ಚಿಸಿ ನೋಡಿ, ಉಪ್ಪುಗಾಳಿಗೆ ಒಳಗಿಂದ ಸವೆದಿರುತ್ತದೆ. ಅನುಮಾನ ಬಂದರೆ ಸ್ಟೇನ್‌ಲೆಸ್ ಬೋಲ್ಟ್, ಕಂಚಿಗೆ ತಾಗದ ಹಾಗೆ ನಡುವೆ ಚರ್ಮದ ಅಥವಾ ನೈಲಾನ್ ವಾಶರ್ ಹಾಕಿ.