101 ಕಿಲೋಹರ್ಟ್ಸ್ ಕಾಯಿಲ್: ರೆಸೊನೆನ್ಸ್ ಎಲ್ಲೂ ಸಿಗ್ತಿಲ್ಲ, ಸೋಮವಾರ ಡೆಮೊ!

ತಂತಿಸುತ್ತಿ: ವೈರ್‌ಲೆಸ್ ಪವರ್ ಪ್ರಾಜೆಕ್ಟು. 10 ಸುತ್ತಿನ ಕಾಯಿಲ್, 104 ಅಂತ ಬರೆದ (100 ನ್ಯಾನೊಫ್ಯಾರಡ್) ಕೆಪಾಸಿಟರ್, ಸೀರೀಸ್. ಲೆಕ್ಕದಲ್ಲಿ ರೆಸೊನೆನ್ಸ್, ಅಂದ್ರೆ ಕಾಯಿಲ್-ಕೆಪಾಸಿಟರ್ ಜೋಡಿ ಜೋರಾಗಿ ಮಿಡಿಯೋ ಫ್ರೀಕ್ವೆನ್ಸಿ, 101 ಕಿಲೋಹರ್ಟ್ಸ್. 50ರಿಂದ 200ರವರೆಗೆ ತಿರುಗಿಸಿದ್ರೂ ಪೀಕೇ ಇಲ್ಲ. ರಿಸೀವರ್ ಎಲ್‌ಇಡಿ ಮಿಣುಕ್ ಅನ್ನಲ್ಲ. ಮೂರು ಸಲ ಬಿಚ್ಚಿ ಸುತ್ತಿದ್ದಾಯ್ತು.

ಲಿಟ್ಜ್‌ಪ್ರಿಯ: ಒಂಟಿ ಎಳೆ ತಂತಿ ತಾನೆ? ಸ್ಕಿನ್ ಎಫೆಕ್ಟ್, ಹೈ ಫ್ರೀಕ್ವೆನ್ಸಿ ಕರೆಂಟ್ ತಂತಿಯ ಹೊರಮೈಯಲ್ಲೇ ಹರಿಯುತ್ತೆ. ಲಿಟ್ಜ್ ತಂತಿ (ಸಪೂರ ಎನಾಮೆಲ್ ಎಳೆಗಳನ್ನು ಹೊಸೆದದ್ದು) ಹಾಕಿ.

ಬೆಸುಗೆ: ತಂತಿ ಗೇಜ್ ಎಷ್ಟು, ಯಾವುದರ ಮೇಲೆ ಸುತ್ತಿದ್ದು, ಯಾವುದರಿಂದ ಡ್ರೈವ್? ತಂತಿ ತುದಿಯ ಎನಾಮೆಲ್ ಕೆರೆದಿದ್ದೀರಾ?

ತಂತಿಸುತ್ತಿ: ಕೆರೆದಿದ್ದೀನಿ ಸರ್. 22 ಗೇಜ್, 110 ಮಿಮೀ ಪಿವಿಸಿ ಪೈಪ್, ಒತ್ತಾಗಿ ಸುತ್ತಿದ್ದು. ಡ್ರೈವ್ ಲ್ಯಾಬಿನ ಫಂಕ್ಷನ್ ಜನರೇಟರ್, ಇನ್ನೇನು? ಓಪನ್‌ನಲ್ಲಿ 10 ವೋಲ್ಟ್ ಪೀಕ್-ಟು-ಪೀಕ್. ಕಾಯಿಲ್ ಮೇಲೆ 50ರಲ್ಲಿ 1.4, 100ರಲ್ಲಿ 3.1, 200ರಲ್ಲಿ 5.6.

ಲಿಟ್ಜ್‌ಪ್ರಿಯ: ನೋಡಿ, ನಷ್ಟ! ನನ್ನ ಹತ್ರ 600 ಎಳೆಯದ್ದಿದೆ, ಅದರಲ್ಲಿ ಸುತ್ತಿದ ಕಾಯಿಲ್ ಪೀಕ್ ಎಷ್ಟು ಚೂಪು ಗೊತ್ತಾ, ಕ್ಯೂ ಅಂತೂ...

ಬೆಸುಗೆ: ಮಾರಾಯ್ರೆ, 0.71 ಮಿಮೀ ತಂತಿಗೆ 100 ಕಿಲೋಹರ್ಟ್ಸ್‌ನಲ್ಲಿ ಸ್ಕಿನ್ ಎಫೆಕ್ಟ್‌ನಿಂದ ರೆಸಿಸ್ಟೆನ್ಸ್ ಏರೋದು ಶೇ. 15ರಷ್ಟು. ಪಕ್ಕದ ಸುತ್ತುಗಳ ಪ್ರಭಾವ ಸೇರಿದ್ರೂ ಅರ್ಧ ಓಮ್ ದಾಟಲ್ಲ. ಪೀಕ್ ನುಂಗಿದ್ದು ಜನರೇಟರಿನ ಒಳಗಿನ 50 ಓಮ್. ಕಾಯಿಲ್ ಸುಮಾರು 24.7 ಮೈಕ್ರೊಹೆನ್ರಿ, ಆ ಫ್ರೀಕ್ವೆನ್ಸಿಯಲ್ಲಿ ಅದರ ರಿಯಾಕ್ಟೆನ್ಸ್ (ಎಸಿಗೆ ಒಡ್ಡೋ ತಡೆ) 15.7 ಓಮ್. ಸೀರೀಸಲ್ಲಿ ಕ್ಯೂ = 15.7/50, ಅಂದ್ರೆ 0.3. ನಿಮ್ಮ ಮೂರೂ ರೀಡಿಂಗ್ ಇದಕ್ಕೆ ಸರಿಯಾಗಿ ಕೂರುತ್ತೆ.

ಕಾಯಿಲ್, ಕೆಪಾಸಿಟರ್ ಪ್ಯಾರಲಲ್ ಮಾಡಿ, ಒಂದು ತುದಿ ಗ್ರೌಂಡಿಗೆ, ಇನ್ನೊಂದಕ್ಕೆ ಜನರೇಟರಿಂದ 10 ಕಿಲೋಓಮ್ ಮೂಲಕ. ಸ್ಕೋಪಿನ ಪ್ರೋಬ್ 10ಎಕ್ಸ್‌ನಲ್ಲಿರಲಿ. ಪೀಕ್ ಸಿಕ್ಕ ಮೇಲೆ ವೋಲ್ಟೇಜ್ 0.707ಕ್ಕೆ ಇಳಿಯೋ ಎರಡು ಫ್ರೀಕ್ವೆನ್ಸಿ ಬರ್ಕೊಳ್ಳಿ.

ಮಿಂಚುಗೂಡು: ಲ್ಯಾಬ್ ಟೇಬಲ್ ಕಬ್ಬಿಣದ್ದಾದ್ರೆ ಕಾಯಿಲ್ ಒಂದಡಿ ಮೇಲೆತ್ತಿಡಿ. ನನ್ನ ಟೆಸ್ಲಾ ಕಾಯಿಲ್ ಇಡೋದಂತೂ ಮರದ ಸ್ಟೂಲ್ ಮೇಲೇ.

ತಂತಿಸುತ್ತಿ: ಸಿಕ್ತು!! ಆದ್ರೆ 112ರಲ್ಲಿ, ಬರೀ 0.32 ವೋಲ್ಟ್. ಎರಡು ತುದಿ 109, 115. ಕಾಯಿಲ್ ಲೆಕ್ಕ ತಪ್ಪಾ?

ಬೆಸುಗೆ: ಕಾಯಿಲ್ ಅಲ್ಲ. 112 ಅಂದ್ರೆ ಕೆಪಾಸಿಟರ್ 82 ನ್ಯಾನೊ. ಅಗ್ಗದ ಡಿಸ್ಕ್ ಸೆರಾಮಿಕ್ ತಾನೆ? 104 ಪಕ್ಕ ಜೆಡ್ ಅಂತಿದ್ರೆ ಟಾಲರೆನ್ಸ್ ಶೇ. +80, −20. ಕ್ಯೂ (112 ಭಾಗಿಸು 115−109) 19ಕ್ಕೆ ನಿಂತಿರೋದರಲ್ಲಿ ಅದರ ಪಾಲೂ ಇದೆ. ರಿಸೀವರಲ್ಲೂ ಅದೇ ಥರದ್ದಿದ್ರೆ ಎರಡೂ ಒಂದೇ ಫ್ರೀಕ್ವೆನ್ಸಿಗೆ ಕೂರೋದು ಅದೃಷ್ಟ. ಎರಡೂ ಕಡೆ 0.047 ಮೈಕ್ರೊಫ್ಯಾರಡ್, 630 ವೋಲ್ಟ್ ಪಾಲಿಪ್ರೊಪಿಲೀನ್ ಎರಡೆರಡು ಪ್ಯಾರಲಲ್ ಹಾಕಿ. ಪಾಲಿಯೆಸ್ಟರ್ ಬೇಡ, ಬಿಸಿಯಾಗುತ್ತೆ.

ತಂತಿಸುತ್ತಿ: ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹುಡುಕ್ತೀನಿ. ಪವರಿಗೆ ಐಆರ್2104 ಡ್ರೈವರ್ ಐಸಿ ಜೊತೆ ಎರಡು ಐಆರ್‌ಎಫ್‌ಜೆಡ್44ಎನ್ ಮಾಸ್‌ಫೆಟ್, ಹಾಫ್ ಬ್ರಿಡ್ಜ್ (ಎರಡೂ ಸರದಿಯಲ್ಲಿ ಆನ್-ಆಫ್), 12 ವೋಲ್ಟ್. ಸಾಕಾ?

ಬೆಸುಗೆ: ಅಲ್ಲಿ ಸೀರೀಸೇ ಸರಿ, ಬ್ರಿಡ್ಜಿನ ರೆಸಿಸ್ಟೆನ್ಸ್ ಮಿಲಿಓಮ್‌ಗಳಲ್ಲಿ. ಆದ್ರೆ ರಿಸೀವರ್ ದೂರ ಇದ್ದಾಗ ಒಟ್ಟು 0.4 ಓಮ್ ಹಿಡಿದ್ರೆ 12 ವೋಲ್ಟಿಗೆ (ಚೌಕ ಅಲೆಯ ಮೂಲ ಸೈನ್ 7.6 ವೋಲ್ಟ್) ಪೀಕ್ ಕರೆಂಟ್ 19 ಆಂಪಿಯರ್, ಕೆಪಾಸಿಟರ್ ಮೇಲೆ 300 ವೋಲ್ಟ್. ಮುಟ್ಟಬೇಡಿ. ಡ್ರೈವರ್ ಐಸಿಗೆ 12 ಕೊಡಿ, ಬ್ರಿಡ್ಜಿಗೆ ಬೇರೆ ಸಪ್ಲೈಯಿಂದ 3, ಕರೆಂಟ್ ಲಿಮಿಟ್ ಅರ್ಧ ಆಂಪಿಯರ್. ರೆಸೊನೆನ್ಸಿಗಿಂತ ಮೇಲಿಂದ ಇಳಿಸ್ತಾ ಬನ್ನಿ.

ಲಿಟ್ಜ್‌ಪ್ರಿಯ: 19 ಆಂಪಿಯರಿಗೂ ಲಿಟ್ಜ್ ಬೇಡವಾ?